ಕರೆಯದ ಮನೆಗೆ ಓಟು ಕೇಳಲು ಹೋದದ್ದು

ಪಂಚಾಯತ್ ಚುನಾವಣೆಯಲ್ಲಿ ನನ್ನ ಅಕ್ಕ ಸೋತಳು. ಮೊದಲೇ ಹೇಳಿಬಿಡುತ್ತೇನೆ, ಓದುವವರು ಕೊನೆಯವರೆಗೆ ಉಸಿರು ಬಿಗಿಹಿಡಿದು ಕೂರುವುದು ಬೇಡ. ಸೋತ ದಿನ ಸಂಜೆ ನೀರುದೋಸೆ, ಕೋಳಿ ಸಾರು ಮಾಡಿ, ಗೆದ್ದವರ ಹಾಗೆ ಬಂದವರಿಗೆಲ್ಲ ಬಡಿಸಿದಳಂತೆ. ನಾನು ಅಷ್ಟರಲ್ಲಿ ಹುಬ್ಬಳ್ಳಿಗೆ, ನನ್ನ ಸಣ್ಣ ಹೋಟೆಲಿನ ಗಲ್ಲಾಕ್ಕೆ ಮರಳಿದ್ದೆ. ಆ ಸಾರು ತಪ್ಪಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಓಟು ಕೇಳಲು ಜೊತೆಗಿರು ಎಂದು ಅಕ್ಕ ಕರೆದಿದ್ದಳು. ನನ್ನ ಓಟೂ ಇನ್ನೂ ಊರಿನಲ್ಲೇ ಇದೆ. ಮೂಡುಬಿದಿರೆ ಬಸ್ ನಿಲ್ದಾಣದಲ್ಲಿ ಕಾಲೇಜು ಮಕ್ಕಳ ಬೆನ್ನುಚೀಲಗಳ ನಡುವೆ ನುಸುಳಿ ನಾರಾವಿ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟ್ ಹರಿಯುವ ಮೊದಲೇ, "ಎಂಥ, ಅಕ್ಕನಿಗೆ ಓಟು ಕೇಳ್ಲಿಕ್ಕಾ?" ಎಂದ. ಹುಬ್ಬಳ್ಳಿಯ ನನ್ನ ಓಣಿಯಲ್ಲಿ ಅರ್ಧ ಜನಕ್ಕೆ ನನ್ನ ಹೆಸರೇ ಗೊತ್ತಿಲ್ಲ. ಇಲ್ಲಿ ಬಸ್ಸಿಗೇ ನನ್ನ ಮನೆಯ ಸುದ್ದಿ ಗೊತ್ತು. ಬಹಳ ಖುಷಿಯಾಯಿತು, ಆದರೆ ಮುಖ ಗಂಟಿಕ್ಕಿಕೊಂಡೇ ಕೂತೆ.

ನಮ್ಮಲ್ಲಿ ತಾಯಿಮನೆ ಹೆಣ್ಣುಮಕ್ಕಳದ್ದು. ಹಾಗಾಗಿ ಅಕ್ಕ ಹುಟ್ಟಿದ ಮನೆಯಲ್ಲೇ ಇದ್ದಾಳೆ, ಭಾವನೇ ಬಂದು ಸೇರಿಕೊಂಡವನು. ವಾರ್ಡು ಮಹಿಳೆಗೆ ಮೀಸಲಾದಾಗ ಸ್ವಸಹಾಯ ಸಂಘದ ಹೆಂಗಸರು ಅವಳನ್ನು ಹಿಡಿದು ನಿಲ್ಲಿಸಿದರು. ಪಂಚಾಯತಿನಲ್ಲಿ ಪಕ್ಷದ ಗುರುತು ಇರುವುದಿಲ್ಲ, ಚುನಾವಣಾಧಿಕಾರಿ ಕೊಟ್ಟದ್ದೇ ಗುರುತು. ಅಕ್ಕನಿಗೆ ಬಂದದ್ದು ಕುಕ್ಕರ್. ಕುಚ್ಚಲಕ್ಕಿಯನ್ನು ಇವತ್ತಿಗೂ ಸೌದೆ ಒಲೆಯಲ್ಲಿ ಬೇಯಿಸುವ, ಸೀಟಿಯ ಸದ್ದಿಗೆ ಬೆಚ್ಚಿಬೀಳುವ ಹೆಂಗಸಿಗೆ ಕುಕ್ಕರ್! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ.

ಮರುದಿನ ಬೆಳಿಗ್ಗೆ ಹೊರಟೆವು. ದಿನವಿಡೀ ತುಳು ಆಡುವವಳು ಓಟು ಕೇಳುವಾಗ ಮಾತ್ರ ಕನ್ನಡಕ್ಕೆ ಹಾರುತ್ತಿದ್ದಳು. ಓಟು ಎಂದರೆ ಸರಕಾರದ ಕೆಲಸ, ಅದನ್ನು ತುಳುವಿನಲ್ಲಿ ಕೇಳಿದರೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವಳ ನಂಬಿಕೆ. "ತಮ್ಮ ಅಮೂಲ್ಯವಾದ ಮತವನ್ನು ನೀಡಬೇಕಾಗಿ ವಿನಂತಿಸುತ್ತೇನೆ" ಎಂದು ಪಕ್ಕದ ಮನೆಯಾಕೆಗೆ ಕೈ ಮುಗಿದಳು. ಬೆಳಿಗ್ಗೆಯಷ್ಟೇ ನಮ್ಮಲ್ಲಿಂದ ಮಜ್ಜಿಗೆ ಒಯ್ದಿದ್ದ ಆಕೆ ಗಾಬರಿಯಾಗಿ, "ಎಂಥ ಆಯ್ತು ನಿನಗೆ? ಜ್ವರ ಉಂಟಾ?" ಎಂದು ಅಕ್ಕನ ಹಣೆ ಮುಟ್ಟಿ ನೋಡಿದಳು.

ಹೋದ ಮನೆಯಲ್ಲೆಲ್ಲ ಬೆಲ್ಲ, ನೀರು. ಕೂರದೆ ಏಳುವ ಹಾಗಿಲ್ಲ, ಕುಡಿಯದೆ ಹೊರಡುವ ಹಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಒಂದು ಆಲೆಮನೆಯೇ ಇತ್ತು. ಇಷ್ಟಾದರೂ ಗುಡ್ಡೆಯ ಮೇಲಿನ ಮನೆಯ ದಾರಿ ಬಂದಾಗ ಅಕ್ಕ ಸೆರಗು ಸರಿಮಾಡಿಕೊಂಡು, ಅತ್ತ ತಿರುಗದೆ ಮುಂದೆ ನಡೆದಳು. ಮಾರನೆಯ ದಿನವೂ ಹಾಗೆಯೇ.

ಅದು ಅವಳ ಗೆಳತಿಯ ಮನೆ. ಇಬ್ಬರೂ ಒಂದೇ ಕೊಡೆಯಲ್ಲಿ ಶಾಲೆಗೆ ಹೋದವರು, ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು. ಈಗ ಮಾತಿಲ್ಲ. ಅಕ್ಕನ ಮಗಳ ಮದುವೆಗೆ ಅಕ್ಕ ಊರೆಲ್ಲ ತಿರುಗಿ ಕರೆದಿದ್ದಳು. ಮುಖ ಕೂಡ ಸರಿಯಾಗಿ ನೆನಪಿಲ್ಲದವರ ಮನೆಗೂ ಹೋಗಿ, ಕೂತು, ಎರಡೂ ಕೈಯಲ್ಲಿ ಕಾಗದ ಹಿಡಿದು ಕೊಟ್ಟಿದ್ದಳು. ಗೆಳತಿಗೆ ಮಾತ್ರ ವಾಟ್ಸಾಪಿನಲ್ಲಿ ಆ ಕಾಗದದ ಫೋಟೋ ಕಳಿಸಿದಳು. ಅವಳು ನಮ್ಮವಳೇ, ಅವಳಿಗೆಂಥ ಕರೆಯುವುದು ಎಂಬ ಸದರ. ನಮ್ಮ ಊರಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯಾದರೂ ಮೆಟ್ಟಿಲು ಹತ್ತಿ ಕರೆಯಲೇಬೇಕು. ಗೆಳತಿ ಮದುವೆಗೆ ಬರಲಿಲ್ಲ, ಅಂದಿನಿಂದ ನಮ್ಮ ಅಂಗಳಕ್ಕೂ ಇಳಿಯಲಿಲ್ಲ. ತಪ್ಪಾಯಿತು ಎನ್ನಲು ಅಕ್ಕನಿಗೆ ನಾಲಿಗೆ ಬರಲಿಲ್ಲ, ಬಿಟ್ಟಿರಲು ಮನಸ್ಸೂ ಬರಲಿಲ್ಲ. ಬಿಸಿ ತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡು ಎರಡು ವರ್ಷ ಕಳೆದಿದ್ದಳು.

"ಆ ಮನೆಯಲ್ಲಿ ಐದಾರು ಓಟು ಉಂಟಲ್ಲ?" ಎಂದೆ.

"ಓಟು ಬಿಡು ಮಾರಾಯ. ಅವಳು ಮುಖ ತಿರುಗಿಸಿದರೆ ನಾನು ಗೆದ್ದು ಎಂಥ ಮಾಡ್ಲಿಕ್ಕುಂಟು?" ಎಂದಳು ಅಕ್ಕ. ಅಷ್ಟು ಹೇಳಿ ಮಾತು ಬದಲಿಸಿದಳು.

ಮೂರನೆಯ ದಿನ ಗದ್ದೆ ಬದಿಯ ಮನೆಯ ಅಜ್ಜನೊಬ್ಬರಲ್ಲಿಗೆ ಹೋದೆವು. ಅಕ್ಕ ತನ್ನ ಕನ್ನಡ ಒಪ್ಪಿಸಿದಳು. ಅಜ್ಜ ಎಲೆಯಡಿಕೆ ಒಂದು ಕಡೆಗೆ ಸರಿಸಿ, "ಹಾಕ್ತೇನೆ, ನೀನು ಬಂದಿಯಲ್ಲ. ಹೋದ ಸಲ ನನ್ನ ತಂಗಿಯ ಮಗನೇ ನಿಂತದ್ದು. ಮಾವ ಹೇಗೂ ಹಾಕ್ತಾರೆ ಅಂತ ಅವನು ಈ ಕಡೆ ತಲೆ ಹಾಕಲಿಲ್ಲ. ನಾನೂ ಅವನಿಗೆ ಹಾಕಲಿಲ್ಲ. ನಮ್ಮವನಾದರೆ ಕೇಳ್ಬಾರ್ದಾ?" ಎಂದರು.

ಅಕ್ಕ ಬೆಲ್ಲದ ತುಂಡನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ಕೂತಳು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ಗುಡ್ಡೆಗೆ ಹೋಗುವ" ಎಂದಳು. ಆ ಏರು ಹತ್ತುವಾಗ ಸೆಕೆಗೆ ನಾನು ಏದುಸಿರು ಬಿಡುತ್ತಿದ್ದೆ, ಅವಳು ತಿರುಗಿಯೂ ನೋಡಲಿಲ್ಲ.

ಗೆಳತಿ ಅಂಗಳದಲ್ಲಿ ರಬ್ಬರ್ ಹಾಳೆ ಒಣಹಾಕುತ್ತಿದ್ದಳು. ನಮ್ಮನ್ನು ಕಂಡವಳೇ ಒಳಗೆ ಹೋದಳು. ಬಾಗಿಲು ಮುಚ್ಚುತ್ತಾಳೆ ಎಂದೇ ನಾನು ತಿಳಿದೆ. ಆದರೆ ಚೆಂಬು, ಬೆಲ್ಲ ಹಿಡಿದು ಬಂದು ನನ್ನ ಮುಂದಿಟ್ಟು, ನನ್ನೊಬ್ಬನನ್ನೇ ನೋಡಿ, "ಯಾವಾಗ ಬಂದದ್ದು?" ಎಂದಳು. ಅಕ್ಕ ಬಿಸಿಲಲ್ಲೇ ನಿಂತಿದ್ದಳು.

ಅವಳ ಕೈಯಲ್ಲಿ ಪ್ರಚಾರದ ಚೀಟಿ ಇತ್ತು. "ತಮ್ಮ ಅಮೂಲ್ಯವಾದ" ಎಂದು ಶುರುಮಾಡಿ ಅಲ್ಲಿಗೇ ನಿಂತಳು. ಆಮೇಲೆ ಮೆಟ್ಟಿಲು ಹತ್ತಿ ಬಂದು, ಆ ಕುಕ್ಕರ್ ಚಿತ್ರದ ಚೀಟಿಯನ್ನು ಎರಡೂ ಕೈಯಲ್ಲಿ ಚಾಚಿ, ತುಳುವಿನಲ್ಲಿ ಹೇಳಿದಳು. "ನನ್ನ ಮಗಳ ಮದುವೆ ಉಂಟು. ನೀನು ಮನೆಯವರನ್ನೆಲ್ಲ ಕರ್ಕೊಂಡು ಬಂದು ಚಂದಗಾಣಿಸಿ ಕೊಡ್ಬೇಕು."

ಆ ಮಗಳು ಮಸ್ಕತ್ತಿನಲ್ಲಿದ್ದಾಳೆ. ಅವಳ ಮಗು ಆಗಲೇ ಅಂಬೆಗಾಲಿಡುತ್ತಿತ್ತು. ನನಗೆ ನಗು ಬಂತು. ಗೆಳತಿ ಸೀರೆಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಚೀಟಿ ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಹಾಲ್ ಎಲ್ಲಿ?" ಎಂದಳು.

"ಮೂಡುಬಿದಿರೆಯಲ್ಲಿ."

"ಬರ್ತೇವೆ" ಎಂದು ಹೇಳಿ ಜಗಲಿಯ ಚಾಪೆ ಬಿಡಿಸಿದಳು. ಆಮೇಲೆ ಇಬ್ಬರೂ ಮಾತಿಗೆ ಕೂತರು. ನನ್ನನ್ನು ಕೇಳುವವರೇ ಇರಲಿಲ್ಲ, ಉಳಿದ ಬೆಲ್ಲವನ್ನೆಲ್ಲ ನಾನೇ ತಿಂದು ಮುಗಿಸಿದೆ.

ಗುಡ್ಡೆ ಇಳಿದ ಮೇಲೆ ಅಕ್ಕ ಫಕ್ಕನೆ ನಿಂತಳು. "ಅಯ್ಯೋ, ಓಟು ಕೇಳ್ಲಿಕ್ಕೇ ಮರೆತೆ!" ತಿರುಗಿ ಹೋಗುವ ಎಂದೆ. ಬೇಡ ಎಂದಳು. ಅವಳ ನಡಿಗೆ ನೋಡಿದರೆ ಇಡೀ ಪಂಚಾಯತೇ ಅವಿರೋಧವಾಗಿ ಸಿಕ್ಕಿದ ಹಾಗಿತ್ತು.

ಮತದಾನದ ದಿನ ನಾನು ಓಟು ಹಾಕಿ ಶಾಲೆಯ ಹೊರಗೆ ಅಕ್ಕನ ಜೊತೆ ನಿಂತಿದ್ದೆ. ಗೆಳತಿ ಮನೆಯವರನ್ನೆಲ್ಲ ಕರೆದುಕೊಂಡು ಬಂದಳು. ಆ ಸೆಕೆಯಲ್ಲಿ, ನೈಟಿಯ ಮೇಲೆ ಶಾಲು ಹೊದ್ದು ಬಂದವರ ನಡುವೆ, ಅವಳು ರೇಷ್ಮೆಯ ಜರಿ ಪಟ್ಟೆಸೀರೆ ಉಟ್ಟು ಮುಡಿ ತುಂಬ ಮಲ್ಲಿಗೆ ಮುಡಿದಿದ್ದಳು. ಕಾವಲಿಗಿದ್ದ ಪೊಲೀಸಿನವನು, "ಎಲ್ಲಿ ಅಮ್ಮ, ಕಾರ್ಯಕ್ರಮ?" ಎಂದು ಕೇಳಿಯೇ ಬಿಟ್ಟ.

ಅಕ್ಕ ಬಾಯಿ ಬಿಟ್ಟು ನೋಡುತ್ತಿದ್ದಳು. "ಇದೆಂಥ ಇದು, ಓಟಿಗೆ ಪಟ್ಟೆಸೀರೆ?"

"ನಿನ್ನ ಮಗಳ ಮದುವೆಗೆ ಅಂತಲೇ ತೆಗೆದದ್ದು. ದಿನ ನಿಶ್ಚಯವಾದ ವಾರವೇ ಮೂಡುಬಿದಿರೆಗೆ ಹೋಗಿ ತಂದದ್ದು" ಎಂದಳು ಗೆಳತಿ, ತೋಳನ್ನು ಸ್ವಲ್ಪವೇ ಎತ್ತಿ. "ರವಿಕೆಯೂ ಆಗಲೇ ಹೊಲಿಸಿದ್ದು. ಈಗ ಉಸಿರು ಬಿಡ್ಲಿಕ್ಕಾಗುದಿಲ್ಲ ಮಾರಾಯ್ತಿ. ಸರಿಯಾದ ಹೊತ್ತಿಗೆ ಬಂದು ಕರೆದಿದ್ರೆ ಚಂದ ಕೂರ್ತಿತ್ತು."

ಹೆಂಗಸರ ಸಾಲಿನಲ್ಲಿ ಅವಳ ಜಾಗ ಕಾಯಲು ನನ್ನನ್ನು ನಿಲ್ಲಿಸಿ ಅಕ್ಕ ಅವಳನ್ನು ಶಾಲೆಯ ಗೋಡೆಯ ಆಚೆ ಎಳೆದೊಯ್ದಳು. ಬಗ್ಗಿ ನೋಡಿದರೆ ಅಕ್ಕ ಅಳುತ್ತ, ನಗುತ್ತ, ಗೆಳತಿಯ ರವಿಕೆಯ ತೋಳಿನ ಹೊಲಿಗೆಯನ್ನು ಹಲ್ಲಿನಲ್ಲೇ ಕಚ್ಚಿ ಬಿಚ್ಚುತ್ತಿದ್ದಳು.