ಓರಗಿತ್ತಿಯ ಟೊಮೇಟೊ

ಕೆಂಟಕಿಯ ಗುಡ್ಡಗಾಡಿನ ಆ ಕಣಿವೆಯಲ್ಲಿ ಹೊಲಿಗೆಯಲ್ಲಾಗಲಿ ಹಾಡಿನಲ್ಲಾಗಲಿ ಡೆಲ್ಫಿಯಾಳನ್ನು ಮೀರಿಸುವವರು ಇರಲಿಲ್ಲ. ಆದರೂ ಆಗಸ್ಟ್ ಬಂತೆಂದರೆ ಅವಳ ಮುಖ ಬಾಡುತ್ತಿತ್ತು. ಓರಗಿತ್ತಿ ಝೆಲ್ಲಾಳ ಹಿತ್ತಲಿನಲ್ಲಿ ಟೊಮೇಟೊ ಹಣ್ಣಾಗುವ ತಿಂಗಳು ಅದು.

ಅತ್ತೆ ಐಸಿಯ ತವರಿನಿಂದ ಬಂದ ಬೀಜ. ಹಣ್ಣು ಒಂದೊಂದೂ ತಟ್ಟೆಯಗಲ. ತೊಟ್ಟಿನ ಸುತ್ತ ಮಡಿಕೆ ಮಡಿಕೆಯಾದ ಹೆಗಲು. ಬಣ್ಣ ಕೆಂಪಲ್ಲ, ಗುಲಾಬಿ. ಒಳಗೆ ಬೀಜ ಕಡಿಮೆ, ತಿರುಳೇ ತಿರುಳು. ಒಂದು ಬಿಲ್ಲೆ ಕೊಯ್ದರೆ ಬ್ರೆಡ್ಡಿನ ಅಂಚು ದಾಟಿ ಇಳಿಬೀಳುತ್ತಿತ್ತು. ಬ್ರೆಡ್ಡಿಗೆ ಮೇಯನೇಸ್ ಬಳಿದು, ಬಿಲ್ಲೆಯಿಟ್ಟು, ಉಪ್ಪು ಮೆಣಸು ಉದುರಿಸಿ, ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಬಗ್ಗಿ ನಿಂತು ತಿನ್ನಬೇಕು. ಮೊಣಕೈವರೆಗೆ ರಸ ಇಳಿಯದಿದ್ದರೆ ಅದು ಟೊಮೇಟೊವೇ ಅಲ್ಲವೆಂದು ಅಲ್ಲಿಯವರ ತೀರ್ಮಾನ.

ಮದುವೆಯಾದ ಮೊದಲ ವಸಂತದಲ್ಲಿ ಐಸಿ ಡೆಲ್ಫಿಯಾಳಿಗೂ ಆರು ಸಸಿ ಕೊಟ್ಟಿದ್ದಳು. ಪಟ್ಟಣದಲ್ಲಿ ಬೆಳೆದ ಸೊಸೆ ಎರಡು ಕೈಯಲ್ಲೂ ತೆಗೆದುಕೊಂಡು, ತುಂಬಾ ಉಪಕಾರವಾಯಿತು ಅತ್ತೆ, ಎಂದುಬಿಟ್ಟಳು. ಅತ್ತೆಯ ಮುಖ ಕಪ್ಪಿಟ್ಟಿತು. ಆ ಗುಡ್ಡಗಳಲ್ಲಿ ಸಸಿ ಕೊಟ್ಟವರಿಗೆ ಉಪಕಾರವಾಯಿತೆನ್ನಬಾರದು. ಹೇಳಿದರೆ ಗಿಡ ಬದುಕದು. ನಾಲ್ಕೇ ದಿನದಲ್ಲಿ ಹುಳು ಆರರ ಬುಡವನ್ನೂ ಕತ್ತರಿಸಿತು. ತಪ್ಪು ಹುಳುವಿನದೆಂದು ಯಾರೂ ಹೇಳಲಿಲ್ಲ.

"ಕೈಗುಣಕ್ಕಿಂತ ನಿನ್ ಬಾಯಿಗುಣ ಕೆಟ್ಟದ್ದು ಕಣೇ," ಎಂದಳು ಐಸಿ. ಮತ್ತೆ ಕೊಡಲಿಲ್ಲ. ಮರುವರ್ಷ ಕಿರಿಸೊಸೆಯಾಗಿ ಬಂದ ಝೆಲ್ಲಾ ಪಕ್ಕದ ಕಣಿವೆಯವಳು. ಸಸಿಗಳನ್ನು ಏಪ್ರನ್ನಿನಲ್ಲಿ ಕಟ್ಟಿಕೊಂಡು ತುಟಿಪಿಟಕ್ಕೆನ್ನದೆ ನಡೆದಳು.

ಹನ್ನೊಂದು ವರ್ಷ ಕಳೆಯಿತು. ಡೆಲ್ಫಿಯಾ ಅಂಗಡಿಯ ಬೀಜ ತಂದು ಬೆಳೆದಳು. ಹಣ್ಣು ಕೆಂಪಗೆ, ದುಂಡಗೆ, ಯಾವ ದೂರಿಗೂ ಎಡೆಯಿಲ್ಲದಂತೆ ಇರುತ್ತಿತ್ತು. ಭಾನುವಾರ ಅತ್ತೆಯ ಮನೆಯ ಊಟಕ್ಕೆ ಒಯ್ದರೆ ಹೋದಷ್ಟೇ ಮರಳಿ ಬರುತ್ತಿತ್ತು. ಝೆಲ್ಲಾಳ ತಟ್ಟೆ ಮಾತ್ರ ಪ್ರಾರ್ಥನೆ ಮುಗಿದ ಗಳಿಗೆಯಲ್ಲೇ ಬರಿದು. ಗಂಡ ಅರ್ಲಿಸ್ ಕೂಡ ಪ್ರತಿ ಆಗಸ್ಟಿನಲ್ಲಿ ತಮ್ಮನ ಬೇಲಿ ಸರಿಮಾಡಲು ಹೋಗಿ, ಅಂಗಿಯ ಮುಂಭಾಗಕ್ಕೆ ಗುಲಾಬಿ ಕಲೆ ಮಾಡಿಕೊಂಡು ಬರುತ್ತಿದ್ದ.

"ಬೇಲಿ ಚೆನ್ನಾಗಿ ಹಣ್ಣಾಗಿತ್ತಾ?" ಎಂದು ಕೇಳಿ, ಅವಳೇ ಆ ಕಲೆ ತಿಕ್ಕುತ್ತಿದ್ದಳು.

ಝೆಲ್ಲಾಳನ್ನೇ ಬೀಜ ಕೇಳಬಹುದಿತ್ತು. ಕೇಳಿದರೆ ಅವಳು ಖಂಡಿತ ಕೊಡುತ್ತಿದ್ದಳು. ಅದನ್ನೇ ಡೆಲ್ಫಿಯಾ ಸಹಿಸಲಾರಳು. ಅವಳಿಗೆ ಬೇಕಾಗಿದ್ದುದು ಒಂದೇ: ತಾನು ಬೆಳೆದ ಆ ಹಣ್ಣನ್ನು ಅತ್ತೆ ತಿನ್ನಬೇಕು, ತಿಂದು ಒಪ್ಪಬೇಕು.

ಹನ್ನೊಂದನೆಯ ಆಗಸ್ಟಿನಲ್ಲಿ, ಚರ್ಚಿನ ಅಂಗಳದ ಊಟದ ದಿನ, ಝೆಲ್ಲಾಳ ತಟ್ಟೆಯಿಂದ ಒಂದು ಬಿಲ್ಲೆಯೆತ್ತಿ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಸೇರಿಸಿದಳು. ಮನೆಯಲ್ಲಿ ಬೀಜ ಬಿಡಿಸಿ ಕಾಗದದ ಮೇಲೆ ಒಣಗಿಸಿದಾಗ ಒಂಬತ್ತು ಸಿಕ್ಕವು. ಕದ್ದ ಗಿಡ ಸೊಂಪಾಗಿ ಬೆಳೆಯುತ್ತದೆನ್ನುವುದೂ ಆ ಗುಡ್ಡಗಳ ಮಾತೇ. ಆದರೂ ಅವಳು ಮಾತನ್ನು ನಂಬಿ ಕೂರಲಿಲ್ಲ. ಮರುವಸಂತ ಜೋಳದ ಸಾಲಿನ ಹಿಂದೆ ಮರೆಯಾಗಿ ನಾಟಿಮಾಡಿ, ಹುಳು ಕತ್ತರಿಸದಂತೆ ತಳ ತೆಗೆದ ತಗಡಿನ ಡಬ್ಬಗಳನ್ನು ಬುಡಕ್ಕೆ ಕೊರಳಪಟ್ಟಿಯಂತೆ ತೊಡಿಸಿದಳು. ತಂಬಾಕು ಒಣಹಾಕುವ ಕೋಲು ನೆಟ್ಟು ಹಳೆಯ ಬಟ್ಟೆಯ ಪಟ್ಟಿಯಿಂದ ಕಟ್ಟಿದಳು. ಒಂದು ಗೊನೆಗೆ ಒಂದೇ ಕಾಯಿ ಉಳಿಸಿ ಮಿಕ್ಕವನ್ನು ಚಿವುಟಿದಳು.

ಹಣ್ಣಾಯಿತು. ಆಗ ಹೊಳೆಯಿತು ಅವಳಿಗೆ: ಆ ಹೆಗಲನ್ನು ಕಣಿವೆಯಲ್ಲಿ ಗುರುತಿಸದವರಿಲ್ಲ. ಮೇಜಿನ ಮೇಲಿಟ್ಟರೆ ಕಳ್ಳತನವನ್ನೇ ಬಡಿಸಿದಂತೆ. ಇಡದಿದ್ದರೆ ಬೆಳೆದದ್ದೇ ವ್ಯರ್ಥ. ಎರಡು ದಿನ ಹಣ್ಣು ಉಗ್ರಾಣದಲ್ಲಿ ಬಟ್ಟೆಯಡಿ ಕುಳಿತಿತ್ತು. ಭಾನುವಾರ ಅದನ್ನು ಮಡಿಲಲ್ಲಿಟ್ಟುಕೊಂಡು ಹೊರಟಳು.

ಐಸಿಗೆ ಕಣ್ಣು ಮಂಜಾಗಿತ್ತು. ಹೆಬ್ಬೆರಳಿನಿಂದ ಹಣ್ಣಿನ ಹೆಗಲು ಸವರಿ, "ನಿನ್ದಾ ಝೆಲ್ಲಾ?" ಎಂದಳು.

"ಅಲ್ಲ ಅತ್ತೆ. ನನ್ನವು ಈ ಸಲ ಬಿರುಕು ಬಿಟ್ಟವೆ."

"ನಂದು," ಎಂದಳು ಡೆಲ್ಫಿಯಾ. "ಚರ್ಚಿನ ಊಟದಲ್ಲಿ ಝೆಲ್ಲಾನ ತಟ್ಟೆಯಿಂದ ಕದ್ದ ಬೀಜ."

ಅರ್ಲಿಸ್ ಮೇಜಿನಡಿ ಬೂಟು ನೋಡತೊಡಗಿದ. ಝೆಲ್ಲಾ ನಕ್ಕಳು. "ಅಯ್ಯೋ, ಕೇಳಿದ್ರೆ ಬುಟ್ಟಿಗಟ್ಲೆ ಕೊಡ್ತಿದ್ನಲ್ಲಕ್ಕಾ."

ಆ ಒಳ್ಳೆಯತನ ಡೆಲ್ಫಿಯಾಳಿಗೆ ಗಾಯಕ್ಕೆ ಮೆಣಸಿನಪುಡಿ ಹಚ್ಚಿದಂತಾಯಿತು.

ಐಸಿ ಒಂದು ಬಿಲ್ಲೆಯನ್ನು ಬ್ರೆಡ್ಡಿಲ್ಲದೆ, ಉಪ್ಪಿನಲ್ಲಷ್ಟೇ ತಿಂದಳು. ಗಲ್ಲದ ಮೇಲಿಳಿದ ರಸ ಒರೆಸಿಕೊಳ್ಳಲಿಲ್ಲ.

"ನಮ್ಮವ್ವ ಬೆಳೀತಿದ್ದ ಹಣ್ಣೇ ಇದು," ಎಂದಳು ಕೊನೆಗೆ. "ಬುಡಕ್ಕೇನ್ ಕಟ್ಟಿದ್ದೆ?"

"ಡಬ್ಬದ ತಗಡು, ಅತ್ತೆ."

"ಹೂಂ. ಆ ವರ್ಷ ಅದನ್ನ ನಾನೇ ಹೇಳ್ಕೊಡ್ಬೇಕಾಗಿತ್ತು."

ಹನ್ನೆರಡು ವರ್ಷಕ್ಕೆ ಸಿಕ್ಕ ಮಾತು. ಡೆಲ್ಫಿಯಾ ಅದನ್ನು ಇನ್ನೂ ಮನಸ್ಸಿನೊಳಗಿಟ್ಟು ಚಪ್ಪರಿಸುತ್ತಿರುವಾಗಲೇ ಅತ್ತೆ, ಝೆಲ್ಲಾ ಬರಬರುತ್ತಾ ಸೊರಗಿಹೋಗಿದ್ದಾಳೆ, ಅವಳಿಗೊಂದು ಬಿಲ್ಲೆ ಹಾಕು, ಎಂದಳು.

ಡೆಲ್ಫಿಯಾ ಚಾಕು ಎತ್ತಿಕೊಂಡು ಬಲು ಜತನದಿಂದ ಕೊಯ್ದು ಬಡಿಸಿದಳು. ತಟ್ಟೆಯ ಮೇಲೆ ಬರೆದಿದ್ದ ನೀಲಿ ಹೂವು ಎಸಳು ಎಸಳಾಗಿ ಕಾಣುವಷ್ಟು ತೆಳ್ಳಗಿತ್ತು ಆ ಬಿಲ್ಲೆ.