ಗುರಾಣಿಯ ಹಿಂದೆ ನಿಂತವಳು

ವೀಣಾ, ಆ ಆಟದಲ್ಲಿ ನಿನ್ನನ್ನು ಸಾಯಿಸುತ್ತಿದ್ದವಳು ನಾನು. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಹದಿಮೂರು ವರ್ಷ ಈ ಮಾತನ್ನು ಎದೆಯಲ್ಲಿಟ್ಟುಕೊಂಡು ನರಳಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಸುಳ್ಳು. ಎಷ್ಟೋ ವರ್ಷ ನೆನಪೇ ಆಗಲಿಲ್ಲ. ಆದಾಗ ಒಮ್ಮೊಮ್ಮೆ ನಗುವೂ ಬಂದಿದೆ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಸಹಿಸಿಕೋ. ನೀನು ಕಂಡದ್ದು ಬೇರೆ, ನಡೆದದ್ದು ಬೇರೆ.

ಸವಳಂಗ ರಸ್ತೆಯಲ್ಲಿ ನಮ್ಮ ಗಿರೀಶಣ್ಣನ ಸೈಬರ್ ಸೆಂಟರ್ ಇತ್ತಲ್ಲ, ಮಧ್ಯಾಹ್ನ ಎರಡರಿಂದ ಐದರವರೆಗೆ ಅಲ್ಲಿ ನೊಣ ಹೊಡೆಯುವ ಕೆಲಸ. ಆ ಹೊತ್ತಿನಲ್ಲಿ ಅಣ್ಣ, ಅವನ ಗೆಳೆಯ ಅನ್ವರ್, ನಾನು — ಮೂವರೂ ಸಾಲಾಗಿ ಕೂತು ರಾಕ್ಷಸರ ಕೋಟೆಗೆ ನುಗ್ಗುವ ಆಟ ಆಡುತ್ತಿದ್ದೆವು. ನಾಲ್ಕನೆಯ ಕುರ್ಚಿ ಖಾಲಿ ಇತ್ತು. ನೀನು ದಿನಾ ಭದ್ರಾವತಿಯಿಂದ ಕಾಲೇಜಿಗೆ ಬರುವವಳು, ಕ್ಲಾಸು ಮುಗಿದ ಮೇಲೆ ಐದೂವರೆಯ ಬಸ್ಸಿನ ತನಕ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದೆ. ಪಾಪ ಎಂದು ನಾನೇ ಕರೆತಂದೆ. ಆಗ ನಿಜವಾಗಿಯೂ ಪಾಪ ಅನ್ನಿಸಿತ್ತು — ಅಷ್ಟನ್ನು ನಂಬು.

ಆಗ ಗುರಾಣಿ ನನ್ನದು. ಗುರಾಣಿ ಹಿಡಿದವರು ರಾಕ್ಷಸನ ಎದುರು ನಿಂತು ಏಟೆಲ್ಲ ತಿನ್ನಬೇಕು, ಉಳಿದವರು ಅಕ್ಕಪಕ್ಕದಿಂದ ಹೊಡೆಯಬೇಕು. ನನಗೋ, ರಾಕ್ಷಸ ಹತ್ತಿರ ಬಂದರೆ ಸಾಕು, ಹಿಂದಕ್ಕೆ ಓಡುತ್ತಿದ್ದೆ. ಅಣ್ಣ ನಕ್ಕು ಸುಮ್ಮನಾಗುತ್ತಿದ್ದ. ನೀನು ಬಂದ ಮೂರನೆಯ ದಿನ ತಮಾಷೆಗೆ ಗುರಾಣಿಯನ್ನು ನಿನಗೆ ಕೊಟ್ಟ. ಮೌಸ್ ಹಿಡಿಯುವುದೇ ಸರಿಯಾಗಿ ಬಾರದ ನೀನು, ತುಟಿ ಕಚ್ಚಿಕೊಂಡು, ಒಂದು ಹೆಜ್ಜೆ ಹಿಂದೆ ಸರಿಯದೆ ನಿಂತೆ. ಕೋಟೆ ಗೆದ್ದೆವು.

"ನೋಡು ಪಲ್ಲವಿ, ನಿಲ್ಲೋದು ಅಂದ್ರೆ ಹೀಗೆ," ಎಂದ ಅಣ್ಣ.

ಅಷ್ಟೇ ಮಾತು. ಅಷ್ಟು ಸಾಕಾಯಿತು ನನಗೆ.

ಮುಂದಿನ ಕೋಟೆಗೆ ಹೋಗುವ ಮುಂಚೆ ಎಲ್ಲರೂ ಹೊಸದಾಗಿ ತಮ್ಮ ತಮ್ಮ ಪಾತ್ರ ಆರಿಸಿಕೊಳ್ಳಬೇಕಿತ್ತು. ನಾನು ಹೀಲರ್ ಆಗುತ್ತೇನೆ ಎಂದೆ. ಯಾರಿಗೂ ಬೇಡದ ಪಾತ್ರ ಅದು — ಕತ್ತಿಯಿಲ್ಲ, ಹೆಸರಿಲ್ಲ, ಹಿಂದೆ ನಿಂತು ಉಳಿದವರ ಗಾಯ ವಾಸಿಮಾಡುತ್ತಿರಬೇಕು. ಅನ್ವರ್ ನನ್ನದು ದೊಡ್ಡ ಮನಸ್ಸು ಎಂದು ಹೊಗಳಿದ. ನೀನಂತೂ ನನ್ನ ಕೈ ಹಿಡಿದು, "ನೀನು ಹಿಂದೆ ಇದ್ರೆ ನಂಗೆ ಭಯಾನೇ ಇಲ್ಲ ಕಣೇ," ಎಂದೆ. ನಾನು ಆರಿಸಿಕೊಂಡದ್ದೂ ಅದಕ್ಕೇ, ವೀಣಾ. ನಿನ್ನ ಹಿಂದೆ ಇರಬೇಕಾಗಿತ್ತು ನನಗೆ.

ಹೀಲರ್ ಆದವಳು ರಾಕ್ಷಸನ ಕಡೆ ನೋಡುವುದೇ ಇಲ್ಲ, ಗೊತ್ತೆ? ಅವಳು ನೋಡುವುದು ಪರದೆಯ ಮೂಲೆಯಲ್ಲಿರುವ ನಾಲ್ಕು ಹಸಿರು ಗೆರೆಗಳನ್ನು. ಒಂದೊಂದರ ಕೆಳಗೂ ಒಂದೊಂದು ಹೆಸರು. ಏಟು ಬಿದ್ದಂತೆಲ್ಲ ಗೆರೆ ಸವೆಯುತ್ತದೆ, ಹಳದಿಯಾಗುತ್ತದೆ, ಕೆಂಪಾಗುತ್ತದೆ. ಗುಂಡಿ ಒತ್ತಿದರೆ ಮತ್ತೆ ತುಂಬಿಕೊಳ್ಳುತ್ತದೆ. ಯಾರದನ್ನು ತುಂಬಬೇಕು, ಯಾರದನ್ನು ಬಿಡಬೇಕು — ಅವಳಿಗಷ್ಟೇ ಗೊತ್ತು. ಅದರ ಮೇಲೆ ನನ್ನ ಕುರ್ಚಿ ಗೋಡೆಯ ಪಕ್ಕದ್ದು, ನನ್ನ ಪರದೆ ಯಾರಿಗೂ ಕಾಣುತ್ತಿರಲಿಲ್ಲ.

ನಿನ್ನ ಗೆರೆ ಕೆಂಪಾದಾಗ ನಾನು ಒಂದು ಉಸಿರು ಎಳೆದುಕೊಂಡು ನಿಧಾನವಾಗಿ ಬಿಡುತ್ತಿದ್ದೆ. ಅಷ್ಟೇ ಮಾಡುತ್ತಿದ್ದದ್ದು. ಆಮೇಲೆ ಗುಂಡಿ ಒತ್ತುತ್ತಿದ್ದೆ, ಅಷ್ಟರಲ್ಲಿ ನೀನು ಬಿದ್ದಿರುತ್ತಿದ್ದೆ.

"ತುಂಬಾ ಮುಂದೆ ಹೋಗ್ಬಿಟ್ಟೆ ಮಾರಾಯ್ತಿ, ನಂಗೆ ಎಟುಕ್ಲಿಲ್ಲ."

ಎಷ್ಟು ಸಲ ಹೇಳಿದೆನೋ ಈ ಮಾತನ್ನು — ಎಷ್ಟು ಮರುಕದಿಂದ! ಪ್ರತಿಸಲವೂ ಸಾಯಿಸಲಿಲ್ಲ, ಅಷ್ಟು ಪೆದ್ದಿಯಲ್ಲ ನಾನು. ಎರಡು ಸಲ ಉಳಿಸಿ ಮೂರನೆಯ ಸಲ ಬಿಡುತ್ತಿದ್ದೆ. ಉಳಿಸಿದಾಗಲೆಲ್ಲ ನೀನು ತಿರುಗಿ ಥ್ಯಾಂಕ್ಸ್ ಹೇಳುತ್ತಿದ್ದೆ. ಬಿಟ್ಟಾಗಲೂ ಸಾರಿ ಕೇಳುತ್ತಿದ್ದವಳು ನೀನೇ.

ಆಮೇಲೆ ನೀನೊಂದು ನೋಟ್‌ಬುಕ್ ತಂದೆ. ಸುಲಭವಾಗಿ ಬರೆಯಲಾರೆ ಇದನ್ನು. ನೀಲಿ ರಟ್ಟಿನ, ನೂರು ಪುಟದ್ದು. ಆಟ ಮುಗಿದ ಕೂಡಲೇ ಅದರಲ್ಲಿ ನಿನ್ನ ತಪ್ಪು ಬರೆದುಕೊಳ್ಳುತ್ತಿದ್ದೆ. 'ಸೇತುವೆ ಹತ್ತಿರ ಅವಸರ ಮಾಡಿದೆ.' 'ಎರಡನೇ ಬಾಗಿಲು — ಪಲ್ಲವಿಯನ್ನು ನೋಡದೆ ಹೋದೆ.' ಪರೀಕ್ಷೆಗೆ ಓದುವವಳ ಹಾಗೆ ಬಸ್ಸಿನಲ್ಲಿ ಅದನ್ನು ಓದುತ್ತಿದ್ದೆಯಂತೆ. ಒಂದು ದಿನ ಬಸ್ಸನ್ನೂ ಬಿಟ್ಟು ಕೂತು, ನಿಲ್ಲುವುದು ಹೇಗೆ ಎಂದು ಹೇಳಿಕೊಡು ಎಂದು ನನ್ನನ್ನು ಕೇಳಿದೆ. ನನ್ನನ್ನು! ನಾನು ಹೇಳಿಕೊಟ್ಟೆ. ಮೊದಲ ಏಟು ಬಿದ್ದ ತಕ್ಷಣ ಹಿಂದೆ ಸರಿ, ಅನುಮಾನ ಬಂದರೆ ಕಾಲಿಡಲೇ ಬೇಡ ಎಂದೆ. ನೀನು ಅದನ್ನೂ ಬರೆದುಕೊಂಡೆ, ಕೆಳಗೆ ಗೆರೆ ಎಳೆದೆ. ಮಾರನೆಯ ದಿನ ನೀನು ಹಿಂದೆ ಸರಿದೆ, ಏಟು ಅನ್ವರನಿಗೆ ಬಿತ್ತು, ಅಣ್ಣ ಮೊದಲ ಸಲ ನಿನ್ನ ಮೇಲೆ ರೇಗಿದ. ಅವತ್ತು ಸಂಜೆ ಆಲ್ಕೊಳದ ನಮ್ಮ ಮನೆಯವರೆಗೆ ಹಾಡು ಗುನುಗುತ್ತಾ ನಡೆದುಕೊಂಡು ಹೋದೆ ನಾನು.

ತಿಂಗಳು ತುಂಬುವುದರೊಳಗೆ ನೀನು ಆಟ ಬಿಟ್ಟೆ. ಕಾಲೇಜಿನ ಹಬ್ಬದಲ್ಲಿ ಹೊರಗಿನವರೂ ಆಡಬಹುದಾದ ನಾಲ್ಕು ಜನರ ಪಂದ್ಯವಿತ್ತು, ತಂಡ ಸೋಲುವುದು ನಿನ್ನಿಂದ ಆಗಬಾರದು ಎಂದು ನೀನೇ ಹಿಂದೆ ಸರಿದೆ. ಹೀಲರ್ ಆಗಲು ಅನ್ವರ್ ಇನ್ನೊಬ್ಬನನ್ನು ಕರೆತಂದ, ನನ್ನ ಗುರಾಣಿ ನನಗೆ ವಾಪಸ್ ಬಂತು. ಪಂದ್ಯದ ಮೊದಲ ಸುತ್ತಿನಲ್ಲೇ ರಾಕ್ಷಸನನ್ನು ಕಂಡು ಓಡಿಹೋದೆ, ಕೇಳಬೇಡ ಆ ಅವಮಾನ. ಆದರೂ ನಿನ್ನನ್ನು ಮತ್ತೆ ಕರೆಯೋಣ ಎಂದು ಅಣ್ಣ ಅಂದಾಗ, ಅವಳಿಗೆ ಬೇಜಾರಾಗಿದೆ, ಬಿಡು ಎಂದವಳೂ ನಾನೇ. ನೋಟ್‌ಬುಕ್ ಸೈಬರ್‌ನಲ್ಲೇ ಉಳಿಯಿತು. ನಾನು ಎತ್ತಿಟ್ಟುಕೊಂಡೆ — ಯಾಕೆ ಎಂದು ಇವತ್ತಿಗೂ...

ಹುಡುಗಾಟ ಎಂದು ಇಲ್ಲಿಗೇ ಕೈತೊಳೆದುಕೊಳ್ಳಬಹುದಿತ್ತು. ಕಳೆದ ತಿಂಗಳು ಭದ್ರಾವತಿಯಲ್ಲಿ ನಿನ್ನ ತಮ್ಮನ ಮಗುವಿನ ನಾಮಕರಣಕ್ಕೆ ಬಂದೆನಲ್ಲ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ನೀನು ಸುದ್ದಿ ಹೇಳಿದೆ. ನೀನು ಪಾಠ ಮಾಡುವ ಶಾಲೆಯಲ್ಲಿ ನಿನ್ನನ್ನೇ ಮುಖ್ಯೋಪಾಧ್ಯಾಯಿನಿ ಮಾಡಬೇಕೆಂದಿದ್ದಾರೆ, ಎರಡು ವಾರದಲ್ಲಿ ಉತ್ತರ ಕೊಡಬೇಕು. ಹನ್ನೊಂದು ವರ್ಷದ ದುಡಿಮೆಗೆ ಸಿಕ್ಕ ಮರ್ಯಾದೆ. ಬೇಡ ಅನ್ನೋಣ ಅಂತಿದ್ದೇನೆ ಎಂದೆ ನೀನು. ನಿಮ್ಮಮ್ಮ ಪಾಯಸ ಬಡಿಸುತ್ತಾ ನಿಂತಿದ್ದರು, ಅವರಿಗೂ ಕೇಳುವ ಹಾಗೆ ನೀನು ನಗುತ್ತಲೇ ಹೇಳಿದೆ:

"ಮುಂದೆ ನಿಲ್ಲೋದು ನನ್ನ ಕೈಲಾಗಲ್ಲ ಅಂತ ಆ ಆಟದಲ್ಲೇ ಗೊತ್ತಾಯ್ತಲ್ಲಮ್ಮ. ಪಾಪ, ಇವಳು ಎಷ್ಟು ಕಷ್ಟಪಟ್ಳು ನನ್ನ ಉಳಿಸಕ್ಕೆ."

ನಿಮ್ಮಮ್ಮ ನನ್ನ ತಲೆ ಸವರಿದರು. ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಬಿತ್ತು. ಅಲ್ಲೇ ಬಾಯಿಬಿಡಬೇಕಾಗಿತ್ತು. ಪಾಯಸ ತಿಂದೆ.

ಮನೆಗೆ ಬಂದು ಮಾರನೆಯ ದಿನವೇ ಈ ಕಾಗದ ಬರೆಯಲು ಕೂತೆ, ವೀಣಾ. ಮೊದಲ ಸಾಲು ಆವತ್ತಿನದೇ. ನಿನ್ನ ಉತ್ತರಕ್ಕೆ ಇನ್ನೂ ಹದಿಮೂರು ದಿನವಿತ್ತು, ಭದ್ರಾವತಿಗೆ ಬಸ್ಸು ಎಷ್ಟು ಬೇಕಾದರೂ ಇದ್ದವು, ಫೋನು ಕೈಯಲ್ಲೇ ಇತ್ತು. ನಾಳೆ ಕಳಿಸೋಣ, ಇನ್ನೂ ಸರಿಯಾಗಿ ಬರೆಯೋಣ ಎನ್ನುತ್ತಾ ಕೂತೆ. ಸರಿಯಾಗಿ ಬರೆಯುವುದಕ್ಕಲ್ಲ. ನಾನು ಇಲ್ಲಿ ಯಾರದೋ ಕೈಕೆಳಗೆ ಫೈಲು ಹೊತ್ತುಕೊಂಡು ಓಡಾಡುತ್ತಿರುವಾಗ ನೀನು ಒಂದು ಶಾಲೆಗೇ ಯಜಮಾನಿಯಾಗುವುದು — ನನ್ನ ಹೊಟ್ಟೆ ಉರಿಯಿತು. ನಿನ್ನ ಗೆರೆ ಕೆಂಪಾಗುವುದನ್ನು ನೋಡುತ್ತಾ ಮತ್ತೆ ಉಸಿರೆಳೆದುಕೊಂಡು ಕೂತೆ. ಈ ಸಲ ಹದಿಮೂರು ದಿನ.

ಮೊನ್ನೆ ನೀನೇ ಫೋನ್ ಮಾಡಿ, ಬೇಡ ಎಂದು ಬರೆದುಕೊಟ್ಟೆ, ಬೇರೆಯವರಿಗೆ ಕೊಟ್ಟೂ ಆಯಿತು ಎಂದೆ. ನಿನ್ನ ದನಿ ಸ್ವಲ್ಪ ಒಡೆದಿತ್ತು.

"ಒಳ್ಳೇದೇ ಮಾಡ್ದೆ ಬಿಡು," ಎಂದೆ ನಾನು.

"ನಿನ್ನ ಹತ್ರ ಹೇಳ್ಕೊಂಡ್ರೇನೇ ಸಮಾಧಾನ ಕಣೇ," ಎಂದು ಫೋನಿಟ್ಟೆ ನೀನು.

ಈ ಕಾಗದದಿಂದ ಆ ಕುರ್ಚಿ ನಿನಗೆ ವಾಪಸ್ ಬರುವುದಿಲ್ಲ. ಕ್ಷಮಿಸು ಎಂದು ಕೇಳುವುದೂ ಇಲ್ಲ, ಕೇಳಿದರೆ ನೀನು ಕ್ಷಮಿಸಿಬಿಡುತ್ತೀ. ನಿನ್ನ ನೀಲಿ ನೋಟ್‌ಬುಕ್ಕನ್ನು ಹೊರಗೆ ತೆಗೆದಿದ್ದೇನೆ. ಒಂದೊಂದು ತಪ್ಪಿನ ಪಕ್ಕದಲ್ಲೂ ಕೆಂಪು ಪೆನ್ನಿನಲ್ಲಿ ನಡೆದದ್ದನ್ನು ಬರೆದಿದ್ದೇನೆ. ಮೂವತ್ತೆಂಟು ಸಾಲುಗಳಲ್ಲಿ ನಿಜವಾಗಿ ನಿನ್ನ ತಪ್ಪು ಎರಡು. ಆ ಎರಡೂ ನೀನು ಮೌಸ್ ಹಿಡಿಯಲು ಕಲಿಯುತ್ತಿದ್ದ ವಾರದ್ದು. ಕೊನೆಯ ಪುಟದಲ್ಲಿ ನಾಮಕರಣದ ಊಟವನ್ನೂ ಮೊನ್ನೆಯ ಫೋನನ್ನೂ ಬರೆದಿದ್ದೇನೆ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ನೋಟ್‌ಬುಕ್ಕನ್ನು ಮೊದಲು ನಿಮ್ಮಮ್ಮನ ಕೈಗೆ ಕೊಡುತ್ತೇನೆ, ನನ್ನ ತಲೆ ಸವರಿದವರು ಅವರು. ಆಮೇಲೆ ನಿನ್ನ ಎದುರು ನಿಲ್ಲುತ್ತೇನೆ. ಓಡಿಹೋಗುವುದೊಂದೇ ನನಗೆ ಚೆನ್ನಾಗಿ ಬರುವುದು ಎಂದು ನಿನಗೆ ಗೊತ್ತು. ನಾನು ಒಳಗೆ ಬಂದ ಮೇಲೆ ಬಾಗಿಲು ಹಾಕಿ, ಅದಕ್ಕೆ ಅಡ್ಡ ಕೂತುಕೋ.