ಗೋಡೆಯಲ್ಲಿ ಬಿಟ್ಟುಹೋದ ‘ತಲಾ’

ಯತೀಶನಿಗೆ ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ಅಭ್ಯಾಸ. ಈಸೂರಿನ ಕಡೆಯ ಕುರಿ ಸಾಕುವ ಮನೆಯವನು. ಬೆಳಿಗ್ಗೆ ದೊಡ್ಡಿ ಗುಡಿಸಿ, ಕುರಿಗಳನ್ನು ಅವ್ವನ ಕೈಗೆ ಬಿಟ್ಟು, ಬಣ್ಣದ ಡಬ್ಬಿಗಳನ್ನು ಬೈಕಿಗೆ ಕಟ್ಟಿಕೊಂಡು ಶಿಕಾರಿಪುರ, ಸೊರಬ ಎಂದು ತಿರುಗಿ ಗೋಡೆ ಬರೆಯುತ್ತಾನೆ. ಫ್ಲೆಕ್ಸ್ ಬಂದ ಮೇಲೆ ಅಂಗಡಿಯವರು ಅವನನ್ನು ಮರೆತರು, ಶಾಲೆ ಕಾಲೇಜಿನವರು ಮರೆತಿಲ್ಲ. ಅಕ್ಷರ ದುಂಡಗೆ, ಕೆಲಸ ಮಾತ್ರ ಆಮೆ ನಡಿಗೆ. ‘ನಮ್ಮ ಯತೀಶ ಒಂದಕ್ಷರ ಬರೆಯೋದ್ರಾಗೆ ಕುರಿ ಒಂದು ಗುಡ್ಡ ಮೇದು ಬರ್ತಾವೆ’ ಎನ್ನುತ್ತಾಳೆ ಅವ್ವ ಈಶ್ವರಮ್ಮ.

ಆ ದಿನ ಶಿಕಾರಿಪುರದ ಒಂದು ಕಾಲೇಜಿನ ಅರ್ಥಶಾಸ್ತ್ರದ ಕೋಣೆಯಲ್ಲಿ ಕೆಲಸವಿತ್ತು. ಉಪನ್ಯಾಸಕಿ ಗಂಗಾಶ್ರೀ ಒಂದು ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ಅದನ್ನೇ ಗೋಡೆಗೆ ಇಳಿಸಲು ಹೇಳಿ ಪಾಠಕ್ಕೆ ಹೋಗಿದ್ದರು. ಆರ್ಥಿಕ ಅಭಿವೃದ್ಧಿ ಎಂದರೆ ದೇಶದ ನೈಜ ತಲಾ ಆದಾಯವು ದೀರ್ಘಾವಧಿಯಲ್ಲಿ ಹೆಚ್ಚುತ್ತ ಹೋಗುವ ಪ್ರಕ್ರಿಯೆ. ಮುಖ್ಯ ಪದಗಳ ಕೆಳಗೆ ಗೆರೆ ಎಳೆದಿದ್ದರು. ಅವು ಕೆಂಪಿನಲ್ಲಿ ಬರಬೇಕು, ಉಳಿದದ್ದು ಕಪ್ಪಿನಲ್ಲಿ.

ಯತೀಶ ಯಾವತ್ತೂ ಕೆಂಪನ್ನೇ ಮೊದಲು ಮುಗಿಸುವವನು. ಕುಂಚ ತೊಳೆಯುವ ಗೋಳು ಒಂದೇ ಸಲಕ್ಕೆ ಮುಗಿಯುತ್ತದೆ. ‘ನೈಜ’ ಬರೆದ. ಕಿಟಕಿಯಾಚೆ ಮುಂಗಾರಿನ ಮೊದಲ ಮೋಡಗಳು ಗುಂಪು ಕಟ್ಟಿ ಮೆಲ್ಲಗೆ ಹೊರಟಿದ್ದವು. ಬೆಳಿಗ್ಗೆ ತಂಗಿ ಫೋನಿನಲ್ಲಿ ಆಡಿದ ಮಾತು ಆ ಮೋಡಗಳ ಜೊತೆಯಲ್ಲೇ ತೇಲಿ ಬಂತು.

ತಂಗಿ ಸಂಗೀತಳನ್ನು ಸೊರಬದ ಕಡೆಯ ಜಡೆ ಎಂಬ ಊರಿಗೆ ಕೊಟ್ಟಿತ್ತು. ಮದುವೆಯಲ್ಲಿ ಅಪ್ಪ ಉಜ್ಜಪ್ಪ ಬಳುವಳಿಯಾಗಿ ಒಂದು ಹೆಣ್ಣು ಕುರಿ ಕೊಟ್ಟು, ‘ಇದೂ ನಿಂದು, ಇದರ ಹೊಟ್ಟೇಲಿ ಹುಟ್ಟಿದ್ದೂ ನಿಂದೇ. ನಮ್ಮ ಮಂದೆಯಾಗೇ ಬೆಳೀಲಿ’ ಎಂದಿದ್ದ. ಆ ಕುರಿ ಈದ ಮರಿಗಳ ಎಡಗಿವಿಗೆ ಗುರುತಿಗೆಂದು ಅಪ್ಪ ಒಂದು ಸಣ್ಣ ಸೀಳು ಹಾಕುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಯತೀಶ ಸೀಳು ಹಾಕಲಿಲ್ಲ. ಬೇಕೆಂದೇ ಬಿಟ್ಟನೋ, ಮರೆತನೋ, ಅವನಿಗೂ ಸರಿಯಾಗಿ ತಿಳಿಯದು. ಮಂದೆ ಬೆಳೆಯಿತು. ಸೀಳುಗಿವಿಯ ಹಳೆಯ ಕುರಿಗಳು ಮಾರಾಟವಾಗಿಯೋ ಸತ್ತೋ ಒಂದೊಂದಾಗಿ ಕಣ್ಮರೆಯಾದವು. ಈಗ ಸಂಗೀತ, ‘ಅಣ್ಣ, ನನ್ನ ಕುರಿ ಕೊಡು, ನಾನೇ ಸಾಕ್ಕೊಂತೀನಿ. ಭಾನುವಾರ ಬರ್ತೀನಿ’ ಎಂದಿದ್ದಳು. ಅವ್ವನ ಉತ್ತರ ಸಿದ್ಧವಾಗಿತ್ತು. ‘ಆ ಮಳೆ ಸೀಮೆಯಾಗೆ ಕುರಿ ಬಾಳ್ತಾವೇನು? ಯಾವು ಅವಳವು ಅಂತ ಗೊತ್ತಾದ್ರೆ ತಾನೇ ಕೊಡೋದು.’ ಆ ಉತ್ತರ ಯತೀಶನಿಗೂ ಹಿತವಾಗಿಯೇ ಇತ್ತು, ಹಿತವಾಗಿತ್ತೆಂಬುದೇ ಚುಚ್ಚುತ್ತಿತ್ತು.

ಅವನು ಕನಸಿನಿಂದ ಎದ್ದಾಗ ಕೆಂಪು ಮುಗಿದು ಕಪ್ಪೂ ಮುಗಿದಿತ್ತು. ಬಿಸಿಲು ಗೋಡೆಯ ಮೇಲೆ ಎಣ್ಣೆ ಸವರಿದಂತೆ ಹರಡಿತ್ತು. ಗಂಗಾಶ್ರೀ ಬಂದು ನೋಡಿದರು.

‘ಚೆನ್ನಾಗಿ ಬಂದಿದೆ ಯತೀಶ್. ಆದ್ರೆ ಒಂದು ಪದ ನುಂಗಿಬಿಟ್ಟಿದೀರಿ ನೋಡ್ರೀ.’

ನೈಜ ಆದಾಯವು ಎಂದಿತ್ತು. ನಡುವೆ ‘ತಲಾ’ ಇರಲಿಲ್ಲ. ಇರುವೆ ತೂರಿಸುವಷ್ಟೂ ಜಾಗವಿರಲಿಲ್ಲ.

‘ಎರಡಕ್ಷರ ತಾನೇ ಮೇಡಂ. ಅರ್ಥ ಆಗ್ತೈತಲ್ಲ.’

‘ಅರ್ಥ ಆಗತ್ತೆ, ಬೇರೇದೇ ಅರ್ಥ. ಮನೆ ಆದಾಯ ಹೆಚ್ಚಿತು ಅನ್ನೋದು ಒಂದು ಮಾತು. ಮನೇಲಿ ಎಷ್ಟು ತಲೆ ಇದಾವೆ ಅಂತ ನೋಡಿ ಹೇಳೋದು ಇನ್ನೊಂದು. ಯಾವ ಪದ ಇಡ್ತೀವಿ, ಯಾವುದನ್ನ ಬಿಡ್ತೀವಿ ಅನ್ನೋದರ ಮೇಲೆ ಅಭಿವೃದ್ಧಿ ಅಂದ್ರೆ ಏನು ಅನ್ನೋದೇ ಬದಲಾಗತ್ತೆ.’

ಯತೀಶ ಕುಂಚ ಒರೆಸುತ್ತಾ ನಿಂತ. ‘ತಲಾ ಅಂತ ಬರೆದ್ರೆ ಒಬ್ಬೊಬ್ಬರಿಗೂ ಸಿಕ್ತು ಅಂತಾನಾ?’

‘ಇಲ್ಲ ರೀ. ಅದು ಬರೀ ಭಾಗಿಸಿ ನೋಡೋ ಲೆಕ್ಕ. ನಿಜವಾಗ್ಲೂ ಕೈಗೆ ಕೊಟ್ರಾ ಅನ್ನೋದಕ್ಕೆ ಬೇರೆ ಪದಾನೇ ಬೇಕು.’

‘ಅದು ಎಲ್ಲೈತೆ ಇದ್ರಾಗೆ?’

ಗಂಗಾಶ್ರೀ ನಕ್ಕರು. ‘ಇಲ್ಲ. ಗೋಡೆ ಸಾಲಲ್ಲ ಅಂತ ನಾನೇ ಬಿಟ್ಟೆ.’

ಯತೀಶ ‘ನೈಜ’ದ ಪಕ್ಕ ಒಂದು ಸಣ್ಣ ಗುರುತು ಹಾಕಿ, ಮೇಲೆ ಕೆಂಪಿನಲ್ಲಿ ‘ತಲಾ’ ಬರೆದ. ಸುಣ್ಣ ಹೊಡೆದು ಮತ್ತೆ ಬರೆಯುತ್ತೇನೆಂದ. ಅವರು ಬೇಡವೆಂದರು, ಮೇಲೆ ಕೂತ ಪದದ ಮೇಲೆ ಮಕ್ಕಳ ಕಣ್ಣು ಮೊದಲು ಬೀಳುತ್ತದೆ ಎಂದರು.

ಸಂಜೆ ಮನೆಯ ದಾರಿಯಲ್ಲಿ ಬೈಕು ತಾನಾಗಿಯೇ ಹೋಗುತ್ತಿದೆ ಅನ್ನಿಸಿತು. ಮೋಡಗಳ ಹಿಂಡು ಜಡೆಯ ದಿಕ್ಕಿನಿಂದ ಸಾಗಿ ಬರುತ್ತಿತ್ತು. ಅವುಗಳಲ್ಲಿ ಯಾವುದರ ಕಿವಿಗೂ ಸೀಳಿಲ್ಲವಲ್ಲ ಎಂದುಕೊಂಡು, ಒಬ್ಬನೇ ನಾಚಿದ.

ಭಾನುವಾರ ಸಂಗೀತ ಜಗಳಕ್ಕೆ ಸಿದ್ಧಳಾಗಿಯೇ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ತಂದ ಬಾಳೆಹಣ್ಣನ್ನು ಕೊಡುವುದನ್ನೂ ಮರೆತಿದ್ದಳು. ‘ನೆಲದಿಂದ ಎತ್ತರಿಸಿ ಹಲಗೆ ಹಾಸಿ ದೊಡ್ಡಿ ಮಾಡ್ತೀವಿ ಅವ್ವ, ಗೊರಸು ಕೊಳಿಯಲ್ಲ’ ಎಂದು ಅಂಗಳದಿಂದಲೇ ಶುರು ಮಾಡಿದಳು. ಈಶ್ವರಮ್ಮ ಬಾಯಿ ತೆರೆಯುವ ಮೊದಲೇ ಯತೀಶ ದೊಡ್ಡಿಗೆ ಹೋಗಿ, ಬಾಗಿಲಿಗೆ ಅಡ್ಡಲಾಗಿ ಬಿದಿರ ತಟ್ಟಿ ನಿಲ್ಲಿಸಿ, ಒಂದು ಕುರಿ ಮಾತ್ರ ನುಸುಳುವಷ್ಟು ಸಂದು ಬಿಟ್ಟ.

ಈಶ್ವರಮ್ಮನ ಮುಖ ಬದಲಾಯಿತು. ಆ ಸಂದಿನ ಅರ್ಥ ಅವಳಿಗೆ ಗೊತ್ತು. ಅಣ್ಣತಮ್ಮಂದಿರು ಬೇರೆಯಾಗುವಾಗ ಹಾಗೆ ಕುರಿ ಬಿಟ್ಟು ಮಂದೆ ಪಾಲು ಮಾಡುತ್ತಾರೆ. ಒಂದು ಇತ್ತ, ಒಂದು ಅತ್ತ. ಯಾವುದು ಯಾರದೆಂದು ಆರಿಸುವಂತಿಲ್ಲ. ಹೆಣ್ಣುಮಕ್ಕಳಿಗಾಗಿ ಆ ಊರಲ್ಲಿ ಯಾರೂ ತಟ್ಟಿ ಇಟ್ಟಿರಲಿಲ್ಲ.

‘ಏನೋ ಇದು? ನಿಮ್ಮಪ್ಪ ಕೊಟ್ಟಿದ್ದು ಒಂದೇ ಕುರಿ.’

‘ಕಿವಿ ಸೀಳೋದ ಬಿಟ್ಟವ್ನು ನಾನು ಅವ್ವ. ಯಾವು ಅವಳವು ಅಂತ ಈಗ ಗೊತ್ತಾಗಂಗಿಲ್ಲ ಅಂದ್ರೆ, ಯಾವು ನನ್ನವು ಅಂತಾನೂ ಗೊತ್ತಾಗಂಗಿಲ್ಲ.’

ಮೋಡ ಸರಿದು ಅಂಗಳಕ್ಕೆ ಬಿಸಿಲು ಬಂತು, ಮತ್ತೆ ಹೋಯಿತು. ಕೊನೆಗೆ ಈಶ್ವರಮ್ಮ ತಾನೇ ಹೋಗಿ ತಟ್ಟಿ ಹಿಡಿದುಕೊಂಡಳು. ಯತೀಶ ಕೆಂಪು ಬಣ್ಣದಲ್ಲಿ ಅದ್ದಿದ ಕುಂಚವನ್ನು ತಂಗಿಯ ಕೈಗಿತ್ತ. ಕುರಿಗಳು ಒಂದೊಂದಾಗಿ ನುಸುಳಿದವು. ಸಂಗೀತ ಒಂದನ್ನು ಬಿಟ್ಟು ಒಂದರ ಬೆನ್ನಿಗೆ ಗೆರೆ ಎಳೆಯುತ್ತ ಹೋದಳು. ಜಗಳಕ್ಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ವ್ಯರ್ಥವಾಗಿ, ಅವಳ ಕಣ್ಣು ತುಂಬಿತ್ತು. ನಡುವೆ ಅವ್ವನ ಮುದ್ದಿನ ಕರಿ ಕುರಿ ಸಂಗೀತಳ ಸರದಿಗೇ ಬಂತು. ಕುಂಚ ನಿಂತಿತು.

‘ಹಚ್ಚು’ ಎಂದಳು ಈಶ್ವರಮ್ಮ, ಬೇರೆ ಕಡೆ ನೋಡುತ್ತ.

ಕುರಿಗಳೆಲ್ಲ ಗುಡ್ಡ ಹತ್ತಿದ ಮೇಲೆ ಸಂಗೀತ ಕೈಯ ಬಣ್ಣ ಒರೆಸಿಕೊಳ್ಳುತ್ತ, ‘ನಮ್ಮ ದೊಡ್ಡಿ ಆಗೋತನಕ ಇಲ್ಲೇ ಇರ್ಲಿ ಅಣ್ಣ’ ಎಂದಳು.

‘ಇರ್ಲಿ. ಮಳೆಗೆ ಬಣ್ಣ ಹೋಗ್ತೈತೆ, ನಾನು ಮತ್ತೆ ಮತ್ತೆ ಹಚ್ತಿರ್ತೀನಿ’ ಎಂದ ಯತೀಶ.